ಹಳೆಯ ಲಾರಿಯ ಎಂಜಿನ್ ಬಿಚ್ಚುವ ಮೊದಲು ಅದು ಕೆಟ್ಟ ಕಾರಣ ತಿಳಿಯಲಿ

ಸಂಪಾದಕರಿಗೆ,

ಮಾನ್ಯರೇ,

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಂತಾಗ ಮಲ್ಪೆ ಮತ್ತು ಮಂಗಳೂರು ಬಂದರಿನ ಮೀನಿನ ಲಾರಿಗಳಿಗೆ ಬಾಡಿಗೆ ಇರುವುದಿಲ್ಲ. ಕೆಂಪುಕಲ್ಲಿನ ಕೋರೆಗಳಲ್ಲಿ ನೀರು ನಿಂತು ಕಲ್ಲಿನ ಲಾರಿಗಳಿಗೂ ಕೆಲಸ ತಪ್ಪುತ್ತದೆ. ಹಾಗಾಗಿ ನಮ್ಮ ಕರಾವಳಿಯಲ್ಲಿ ಹಳೆಯ ಲಾರಿಗಳ ಎಂಜಿನ್ ಕೆಲಸಕ್ಕೆ ಮಳೆಗಾಲವೇ ಹಂಗಾಮು. ಬೈಕಂಪಾಡಿಯಿಂದ ಉಡುಪಿಯವರೆಗೆ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಈ ಕೆಲಸ ನಡೆಯುವ ರೀತಿಯ ಬಗ್ಗೆ, ಡೀಸೆಲ್ ಎಂಜಿನ್ ಕೆಲಸದಲ್ಲೇ ಆಯುಷ್ಯದ ಬಹುಪಾಲು ಕಳೆದ ಒಬ್ಬ ಮೇಸ್ತ್ರಿಯಾಗಿ, ಲಾರಿ ಮಾಲೀಕರಲ್ಲಿ, ನನ್ನ ಸಹೋದ್ಯೋಗಿಗಳಲ್ಲಿ ಮತ್ತು ತಾಂತ್ರಿಕ ಶಿಕ್ಷಣ ಸಂಸ್ಥೆಗಳಲ್ಲಿ ಕೆಲವು ಮಾತುಗಳನ್ನು ವಿನಂತಿಸಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಲಾರಿ ಘಾಟಿಯಲ್ಲಿ ಎಳೆಯದಿದ್ದರೆ, ಆಯಿಲ್ ಕುಡಿದರೆ, ಬೆಳಿಗ್ಗೆ ಸೆಲ್ಫ್ ಹೊಡೆದಷ್ಟು ಹೊಡೆದರೂ ಸ್ಟಾರ್ಟ್ ಆಗದಿದ್ದರೆ ‘ಬೋರ್ ಹೋಗಿದೆ’ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ ಸವೆದಿದೆ) ಎಂಬ ಒಂದು ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ. ಅದೇ ದಿನ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಇಳಿಯುತ್ತದೆ. ಸ್ಲೀವ್ (ಸಿಲಿಂಡರಿನ ಒಳಗೊಳವೆ), ಪಿಸ್ಟನ್, ಅದರ ಸುತ್ತಲಿನ ರಿಂಗ್, ಬೇರಿಂಗ್ ಹೊಸದಾಗಿ ಬರುತ್ತವೆ, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ಗ್ರೈಂಡಿಂಗಿಗೆ ಹೋಗುತ್ತದೆ. ಹಳೆಯ ಬಿಡಿಭಾಗಗಳು ಏಕೆ ಸವೆದವು ಎಂಬುದನ್ನು ಯಾರೂ ಹುಡುಕುವುದಿಲ್ಲ. ಬಿಚ್ಚಿದ ಎಂಜಿನನ್ನು ಡೀಸೆಲ್ ಹಾಕಿ ತೊಳೆದ ಮೇಲೆ ಹುಡುಕಬೇಕೆಂದರೂ ಸಾಕ್ಷ್ಯ ಉಳಿದಿರುವುದಿಲ್ಲ. ಬೋರ್ ಹೋಗಿರುವುದು ನಿಜವೇ ಇರಬಹುದು. ಆದರೆ ಅದು ಪರಿಣಾಮ. ಕಾರಣ ಬೇರೆಲ್ಲೋ ಇದ್ದು, ಅದನ್ನು ಹಾಗೆಯೇ ಬಿಟ್ಟರೆ ಹೊಸ ಬೋರ್ ಕೂಡ ಅದೇ ದಾರಿ ಹಿಡಿಯುತ್ತದೆ.

ಇದಕ್ಕೆ ಒಂದು ಉದಾಹರಣೆಯನ್ನು ವಿವರವಾಗಿ ಹೇಳಬೇಕು. ಕಾರ್ಕಳ ಕಡೆಯ ಮಾಲೀಕರೊಬ್ಬರ ಹಳೆಯ ಲಾರಿ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂತು. 97 ಮಿ.ಮೀ. ಬೋರ್, 128 ಮಿ.ಮೀ. ಸ್ಟ್ರೋಕ್, ಆರು ಸಿಲಿಂಡರ್, ಒಟ್ಟು 5,675 ಸಿಸಿಯ, ಈ ಜಿಲ್ಲೆಗಳ ಪ್ರತಿಯೊಬ್ಬ ಮೇಸ್ತ್ರಿಗೂ ಕೈ ಪರಿಚಯವಿರುವ ಟಾಟಾ ಎಂಜಿನ್ ಅದು. ಹಿಂದಿನ ಮಳೆಗಾಲದಲ್ಲಷ್ಟೇ ಬೇರೊಂದು ಕಡೆ ಫುಲ್ ಎಂಜಿನ್ ಕೆಲಸ ಆಗಿತ್ತು. ಒಂದು ವರ್ಷ ತುಂಬುವ ಮೊದಲೇ, ಎಂಜಿನಿನ ಒಳಗಾಳಿ ಹೊರಬಿಡುವ ಬ್ರೀದರಿನಿಂದ ಹೊಗೆ ನುಗ್ಗಿ ಬರುವ, ನಾವೆಲ್ಲ ಬ್ಯಾಕ್ ಕಂಪ್ರೆಷನ್ ಎನ್ನುವ ಲಕ್ಷಣ ಮರಳಿತ್ತು. ಸ್ಲೀವ್ ಕಳಪೆಯಾಗಿತ್ತು, ಬೇರೆ ಕಂಪನಿಯದು ಹಾಕಿಸಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದರಿಂದ ಆ ಮಾಲೀಕರು ಮತ್ತೊಮ್ಮೆ ಸಾಲ ಮಾಡಿ ಅಷ್ಟೇ ಹಣ ಹಾಕಲು ಸಿದ್ಧರಾಗಿ ಬಂದಿದ್ದರು.

ನಾವು ಸ್ಪ್ಯಾನರ್ ಹಿಡಿಯುವ ಮೊದಲು ಏರ್ ಫಿಲ್ಟರಿನಿಂದ, ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುವ ಟರ್ಬೊಗೆ ಹೋಗುವ ರಬ್ಬರ್ ಹೋಸನ್ನು ಕಳಚಿ ಅದರ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿದೆವು. ಫಿಲ್ಟರ್ ದಾಟಿದ ಮೇಲಿನ ಈ ಭಾಗದಲ್ಲಿ ಧೂಳು ಇರಲೇಬಾರದು. ಬಟ್ಟೆಗೆ ಹತ್ತಿದ್ದು ಕೋರೆಯ ಕೆಂಪು ಹುಡಿ. ಹೋಸಿನ ಅಡಿಭಾಗದಲ್ಲಿ, ಕ್ಲಿಪ್ಪಿನ ಪಕ್ಕದಲ್ಲೇ, ನಿಂತ ಲಾರಿಯಲ್ಲಿ ಮೇಲಿನಿಂದ ನೋಡಿದರೆ ಕಾಣದ, ಎಂಜಿನ್ ಅಲುಗಿದಾಗ ಮಾತ್ರ ಬಾಯಿ ತೆರೆಯುವ ಒಂದು ಸೀಳು ಇತ್ತು. ಈ ಗಾತ್ರದ ಎಂಜಿನ್ ಟರ್ಬೊ ಇಲ್ಲದಿದ್ದರೂ 2,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 5,000 ಲೀಟರ್ ಗಾಳಿ ಎಳೆಯುತ್ತದೆ. ಟರ್ಬೊ ಇದ್ದರೆ ಇನ್ನೂ ಹೆಚ್ಚು. ಅದರಲ್ಲಿ ಒಂದು ಸಣ್ಣ ಪಾಲು ಸೋಸದೆ ಒಳಗೆ ಹೋದರೂ ಕೆಂಪುಕಲ್ಲಿನ ಹುಡಿ ಆಯಿಲಿನೊಂದಿಗೆ ಸೇರಿ ರಿಂಗ್ ಮತ್ತು ಸ್ಲೀವನ್ನು ಉಜ್ಜಿ ತೆಗೆಯುತ್ತದೆ. ಹೆಡ್ ಇಳಿಸಿದಾಗ ಕಂಡದ್ದೂ ಅದೇ. ಸ್ಲೀವಿನ ಮೇಲ್ಭಾಗದಲ್ಲಿ, ಮೇಲಿನ ರಿಂಗ್ ತಿರುಗುವ ಜಾಗದಲ್ಲಿ, ಉಗುರಿಗೆ ಸಿಕ್ಕುವಷ್ಟು ಮೆಟ್ಟಿಲು ಬಿದ್ದಿತ್ತು. ಮೇಲಿನ ರಿಂಗನ್ನು ಸವೆಯದ ಕೆಳಭಾಗದ ಬೋರಿನಲ್ಲಿಟ್ಟು ಫೀಲರ್ ಗೇಜಿನಲ್ಲಿ ಅಳೆದಾಗ, 0.3ರಿಂದ 0.5 ಮಿ.ಮೀ.ಯೊಳಗೆ ಇರಬೇಕಾದ ಬಾಯಿಸಂದು (ರಿಂಗಿನ ಎರಡು ತುದಿಗಳ ನಡುವಿನ ಸಂದು) ಅದರ ಹಲವು ಪಟ್ಟು ಅಗಲವಾಗಿತ್ತು. ಆ ಸ್ಲೀವುಗಳಲ್ಲಿ ದೋಷವೇನೂ ಇರಲಿಲ್ಲ. ಮೊದಲ ಸಲ ಎಂಜಿನ್ ಬಿಚ್ಚಿದ ದಿನವೂ ಅದೇ ಹೋಸ್ ಅಲ್ಲೇ ಇತ್ತು. ಕಳಚಿ, ಬದಿಗಿಟ್ಟು, ಕೆಲಸ ಮುಗಿದ ಮೇಲೆ ಅದನ್ನೇ ಮರಳಿ ಜೋಡಿಸಿದ್ದರು. ಕೆಲವು ನೂರು ರೂಪಾಯಿಯ ಹೋಸಿಗಾಗಿ ಒಂದು ಕುಟುಂಬ ಎರಡು ಬಾರಿ ಎಂಜಿನ್ ಕಟ್ಟಿಸಬೇಕಾಯಿತು.

ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆಗಳಿಗೆ ದೊಡ್ಡ ಯಂತ್ರಗಳು ಬೇಕಿಲ್ಲ. ಅರ್ಧ ದಿನ ಮತ್ತು ತಾಳ್ಮೆ ಬೇಕು. ಹೊಗೆಯಿಂದ ಆರಂಭಿಸಬಹುದು. ಕಪ್ಪು ಹೊಗೆ ಎಂದರೆ ಡೀಸೆಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಅಥವಾ ಡೀಸೆಲ್ ಹೆಚ್ಚಾಗಿ ಬೀಳುತ್ತಿದೆ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಎಂದರೆ ಉರಿಯದ ಡೀಸೆಲ್ ಇರಬಹುದು, ನೀರಿನ ಹಬೆಯೂ ಇರಬಹುದು, ಇವೆರಡನ್ನು ವಾಸನೆಯಿಂದಲೇ ಬೇರ್ಪಡಿಸಬಹುದು. ರೇಡಿಯೇಟರಿನ ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗಲೇ ತೆಗೆದು, ಸ್ಟಾರ್ಟ್ ಮಾಡಿ ನೋಡಿದಾಗ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿನಡಿಯ ಸೀಲು ಹಾಳೆ) ಅಥವಾ ಹೆಡ್ಡಿನ ಬಿರುಕನ್ನು ಸಂಶಯಿಸಬೇಕು. ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆತಂಥ ಬಣ್ಣದ ಆಯಿಲ್ ಕಂಡರೆ ನೀರು ಸೇರಿದೆ ಎಂದು ಅರ್ಥ. ಆದರೆ ನಮ್ಮ ಮಳೆಗಾಲದ ತೇವದಲ್ಲಿ, ಸಣ್ಣ ಸಣ್ಣ ಓಡಾಟ ಮಾತ್ರ ಮಾಡುವ ಲಾರಿಯ ಆಯಿಲ್ ಮುಚ್ಚಳದ ಒಳಗೆ ಅದೇ ಬಣ್ಣದ ನೊರೆ ಕಟ್ಟುವುದುಂಟು. ಅದೊಂದನ್ನೇ ನಂಬಿ ಹೆಡ್ ಇಳಿಸಬಾರದು. ಡಿಪ್‌ಸ್ಟಿಕ್ ಏನು ಹೇಳುತ್ತದೆ, ನೀರು ನಿಜಕ್ಕೂ ಕಡಿಮೆಯಾಗುತ್ತಿದೆಯೇ ಎಂದು ನೋಡಬೇಕು.

ಹಳೆಯ ಸಾಲುಪಂಪಿನ (ಪ್ರತಿ ಸಿಲಿಂಡರಿಗೂ ಪಂಪಿನಿಂದ ಬೇರೆ ಪೈಪಿನಲ್ಲಿ ಡೀಸೆಲ್ ಹೋಗುವ) ಎಂಜಿನ್‌ಗಳಲ್ಲಿ ಐಡ್ಲಿಂಗಿನಲ್ಲಿ ಒಂದೊಂದೇ ನಾಝಲಿನ (ಡೀಸೆಲ್ ಸಿಂಪಡಿಸುವ ಮೂತಿಯ) ಪೈಪ್ ನಟ್ಟನ್ನು ಸಡಿಲಿಸಿದರೆ, ಯಾವ ಸಿಲಿಂಡರಿನದನ್ನು ಸಡಿಲಿಸಿದಾಗ ಎಂಜಿನಿನ ಸದ್ದು ಬದಲಾಗುವುದಿಲ್ಲವೋ ಅದೇ ದುರ್ಬಲ ಸಿಲಿಂಡರ್. ಆಗಲೂ ಕೈಯನ್ನು ನಟ್ಟಿನ ಬಾಯಿಗೆ ಒಡ್ಡಬಾರದು, ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಹೋಗುತ್ತದೆ. ಬಿಎಸ್-4, ಬಿಎಸ್-6 ಹೊಗೆ ನಿಯಮಗಳ ಕಾಲದ ಕಾಮನ್ ರೈಲ್ (ಎಲ್ಲ ನಾಝಲಿಗೂ ಒಂದೇ ಅತಿ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ) ಎಂಜಿನ್‌ಗಳಲ್ಲಿ ಈ ಪರೀಕ್ಷೆಯನ್ನು ಎಂದಿಗೂ ಮಾಡಕೂಡದು. ಅವುಗಳ ಪೈಪಿನ ಒತ್ತಡ ಪ್ರಾಣಾಪಾಯಕ್ಕೆ ಸಾಕಾಗುವಷ್ಟಿದೆ. ದುರ್ಬಲ ಸಿಲಿಂಡರ್ ಗೊತ್ತಾದ ಮೇಲೆ ನಾಝಲನ್ನು ತೆಗೆದು ಟೆಸ್ಟರಿಗೆ ಹಾಕಬೇಕು. ಹನಿ ಸೋರುವ ನಾಝಲ್ ಪಿಸ್ಟನ್ನಿನ ತಲೆಯನ್ನು ಸುಡುತ್ತದೆ, ಸ್ಲೀವಿನ ಆಯಿಲ್ ಪದರವನ್ನು ತೊಳೆಯುತ್ತದೆ. ಎಷ್ಟೋ ಬಾರಿ ಇಡೀ ಕಾಯಿಲೆ ಅದೊಂದರಲ್ಲೇ ಇರುತ್ತದೆ.

ಕಂಪ್ರೆಷನ್ ಪರೀಕ್ಷೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಸ್ವಲ್ಪ ಆಯಿಲ್ ಹೊಯ್ದು ಮತ್ತೆ ಅಳೆದು, ಒತ್ತಡ ಏರಿದರೆ ರಿಂಗ್ ಹೋಗಿದೆ, ಏರದಿದ್ದರೆ ವಾಲ್ವ್ ಹೋಗಿದೆ ಎಂದು ಹೇಳುವ ಕ್ರಮ ಪೆಟ್ರೋಲ್ ಎಂಜಿನ್‌ಗಳಿಂದ ಬಂದದ್ದು. ಮೇಲೆ ಹೇಳಿದ ಎಂಜಿನಿನ ಒಂದು ಸಿಲಿಂಡರಿನ ಗಾತ್ರ ಸುಮಾರು 946 ಸಿಸಿ. ಕಂಪ್ರೆಷನ್ ಅನುಪಾತ 17 ಎಂದು ಹಿಡಿದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 60 ಸಿಸಿಗಿಂತ ಕಡಿಮೆ. ಅಷ್ಟು ಜಾಗದಲ್ಲಿ 10 ಸಿಸಿ ಆಯಿಲ್ ತುಂಬಿದರೆ ಅನುಪಾತವೇ 20 ದಾಟುತ್ತದೆ, ಆದ್ದರಿಂದ ರಿಂಗ್ ಚೆನ್ನಾಗಿದ್ದರೂ ಒತ್ತಡ ಏರಿದಂತೆ ಕಾಣುತ್ತದೆ. ಅದರ ಬದಲು ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ಮೇಲ್ತುದಿಯಲ್ಲಿ ನಿಲ್ಲಿಸಿ, ನಾಝಲಿನ ತೂತಿನಿಂದ ಕಂಪ್ರೆಸರಿನ ಗಾಳಿ ಬಿಟ್ಟು ಕಿವಿಗೊಡುವುದು ಹೆಚ್ಚು ನಂಬಿಕೆಗೆ ಯೋಗ್ಯ. ಗಾಳಿ ಆಯಿಲ್ ಹಾಕುವ ಬಾಯಿಯಲ್ಲಿ ಬಂದರೆ ರಿಂಗ್ ಅಥವಾ ಪಿಸ್ಟನ್, ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಬಿರುಕು. ಟಯರ್ ಅಂಗಡಿಯ ಕಂಪ್ರೆಸರ್ ಇದ್ದಲ್ಲೆಲ್ಲ ಈ ಪರೀಕ್ಷೆ ಸಾಧ್ಯ. ಕ್ರ್ಯಾಂಕ್ ತಿರುಗದಂತೆ ಗೇರಿನಲ್ಲಿಟ್ಟು ಚಕ್ರಗಳಿಗೆ ಅಡ್ಡ ಕೊಟ್ಟಿರಬೇಕು, ಅಷ್ಟೇ.

ಹಳೆಯ ಆಯಿಲ್ ಫಿಲ್ಟರನ್ನು ಎಸೆಯುವ ಬದಲು ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಿಗೆ ಹಿಡಿದು ನೋಡುವ ಅಭ್ಯಾಸವನ್ನು ನಮ್ಮ ಎಲ್ಲ ಹುಡುಗರಿಗೂ ಕಲಿಸಬೇಕಾಗಿದೆ. ಅಯಸ್ಕಾಂತಕ್ಕೆ ಹತ್ತುವುದು ಕಬ್ಬಿಣ, ಹತ್ತದೆ ಬಿಳಿಯಾಗಿ ಹೊಳೆಯುವುದು ಪಿಸ್ಟನ್ನಿನ ಅಲ್ಯೂಮಿನಿಯಂ ಅಥವಾ ಬೇರಿಂಗಿನ ಮೇಲ್ಪದರ, ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ತಲುಪಿದೆ.

ಇನ್ನು ನೀರಿನ ವಿಷಯ. ಶಿರಾಡಿಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಭಾರ ಹೊತ್ತ ಲಾರಿ ಕೆಳಗಿನ ಗೇರಿನಲ್ಲಿ ಬಹಳ ಹೊತ್ತು ಏರುವಾಗ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಎದುರುಗಾಳಿ ಮಾತ್ರ ಇರುವುದಿಲ್ಲ. ಅಲ್ಲಿ ಬಿಸಿಯಾದ ಎಂಜಿನಿಗೆ ಮೊದಲು ಸಿಗುವ ‘ಚಿಕಿತ್ಸೆ’ ಎಂದರೆ ಬಿಸಿಗೆ ತಕ್ಕಂತೆ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟ್ಯಾಟನ್ನೇ ಕಿತ್ತು ಹಾಕುವುದು. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಬಹಳಷ್ಟು ಎಂಜಿನ್‌ಗಳಲ್ಲಿ ಥರ್ಮೋಸ್ಟ್ಯಾಟ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದೇ. ಅದು ಇಲ್ಲದಿದ್ದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನಿಗೇ ಮರಳುತ್ತದೆ, ಘಾಟಿಯಲ್ಲಿ ಬಿಸಿ ಇನ್ನಷ್ಟು ಏರುತ್ತದೆ; ಬಯಲಿನಲ್ಲಿ ಅದೇ ಎಂಜಿನ್ ಸಾಕಷ್ಟು ಬಿಸಿಯಾಗದೆ ಓಡಿ, ಪೂರ್ತಿ ಉರಿಯದ ಡೀಸೆಲ್ ಸ್ಲೀವಿನಿಂದ ಇಳಿದು ಆಯಿಲನ್ನು ತೆಳುವಾಗಿಸುತ್ತದೆ. ಕಡಲ ಬದಿಯ ಬಾವಿಗಳಲ್ಲಿ ಬೇಸಿಗೆಗೆ ಉಪ್ಪಿನ ಅಂಶ ಏರುವುದು ಮಲ್ಪೆ, ಪಣಂಬೂರು, ಉಳ್ಳಾಲದ ಜನರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಅದೇ ನೀರನ್ನು ರೇಡಿಯೇಟರಿಗೆ ತುಂಬಿದರೆ ಉಪ್ಪು ಎರಕದ ಕಬ್ಬಿಣವನ್ನೂ ಅಲ್ಯೂಮಿನಿಯಮನ್ನೂ ಕೊರೆಯುತ್ತದೆ. ಸ್ಲೀವ್ ನೇರವಾಗಿ ನೀರಿಗೆ ತಾಗುವ ಎಂಜಿನ್‌ಗಳಲ್ಲಿ ಅದರ ಹೊರಮೈಗೆ ಸೂಜಿ ಚುಚ್ಚಿದಂಥ ಗುಳಿಗಳು ಬಿದ್ದು ಒಂದು ದಿನ ನೀರು ಒಳಗೇ ಇಳಿಯುತ್ತದೆ. ಹೊಸ ಸ್ಲೀವ್ ಹಾಕಿಸುವವರು ಕೂಲೆಂಟಿನ ಖರ್ಚಿಗೆ ಹಿಂಜರಿಯುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಾರಣ ತಿಳಿದ ಮೇಲೆ ಎಂಜಿನ್ ಬಿಚ್ಚುವುದು ಅನಿವಾರ್ಯವಾದರೆ ಮುಂದಿನದೆಲ್ಲ ಅಳತೆಯ ಕೆಲಸ. ಕಣ್ಣಂದಾಜು ಇಲ್ಲಿ ಸಲ್ಲದು. ಮೈನ್ ಬೇರಿಂಗ್ ಮತ್ತು ಕನೆಕ್ಟಿಂಗ್ ರಾಡಿನ ಕ್ಯಾಪುಗಳು ತಂತಮ್ಮ ಜಾಗಕ್ಕೇ ಸೇರಿದವು. ಅದಲುಬದಲಾದರೆ ಹೊಸ ಬೇರಿಂಗೂ ಉಳಿಯದು. ಕ್ರ್ಯಾಂಕಿನಲ್ಲಿ ಬೇರಿಂಗಿನೊಳಗೆ ತಿರುಗುವ ಭಾಗಗಳಾದ ಜರ್ನಲ್‌ಗಳನ್ನು ಎರಡು ದಿಕ್ಕಿನಲ್ಲಿ ಅಳೆದರೆ ಮಾತ್ರ ಅವು ಮೊಟ್ಟೆಯಾಕಾರಕ್ಕೆ ತಿರುಗಿವೆಯೇ ಎಂದು ತಿಳಿಯುತ್ತದೆ. ಗ್ರೈಂಡಿಂಗ್ ಸಾಮಾನ್ಯವಾಗಿ 0.25, 0.50, 0.75, 1.00 ಮಿ.ಮೀ. ಹೀಗೆ ಹಂತಹಂತವಾಗಿ ನಡೆಯುತ್ತದೆ. ಲೇತಿನಲ್ಲಿ ಜರ್ನಲಿನ ಅಂಚಿನ ದುಂಡುಮೂಲೆಯನ್ನು ಚೂಪಾಗಿ ಕಡಿದರೆ ಬಿರುಕು ಅಲ್ಲಿಂದಲೇ ಹೊರಟು ಕ್ರ್ಯಾಂಕ್ ಎರಡು ತುಂಡಾಗುತ್ತದೆ. ಆಗ ಬೈಗುಳ ಬೀಳುವುದು ಓವರ್‌ಲೋಡ್ ಮಾಡಿದನೆಂದು ಚಾಲಕನಿಗೆ. ಹೆಡ್ಡನ್ನು ಒತ್ತಡ ಕೊಟ್ಟು ನೀರಿನಲ್ಲಿ ಮುಳುಗಿಸಿ ನೋಡದೆ, ಬರೀ ಮಟ್ಟ ಹೊಡೆಸಿ ಕೂಡಿಸುವುದು ಕೆಲಸವನ್ನು ಅದೃಷ್ಟಕ್ಕೆ ಬಿಟ್ಟಂತೆ. ಬೇರಿಂಗ್ ಕಿತ್ತುಹೋದ ಎಂಜಿನಿನಲ್ಲಿ ಆಯಿಲ್ ಕೂಲರಿನ ಒಳಗೆ ಲೋಹದ ಚೂರುಗಳು ಸಿಕ್ಕಿಕೊಂಡಿರುತ್ತವೆ. ಅದನ್ನು ಬದಲಿಸದೆ ಅಥವಾ ಪೂರ್ತಿ ತೊಳೆಯದೆ ಕಟ್ಟಿದ ಎಂಜಿನ್ ಮತ್ತೆ ಬೇರಿಂಗ್ ಕಳೆದುಕೊಂಡು ಮರಳಿ ಬಂದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ನಮ್ಮ ಊರಿನ ಮಳೆಗಾಲಕ್ಕೇ ಸೇರಿದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಹೋನಿಂಗ್ ಮಾಡಿದ (ಕಲ್ಲಿನಿಂದ ಒಳಮೈಗೆ ಸಣ್ಣ ಗೀರು ಹಾಕಿದ) ಸ್ಲೀವನ್ನು ಜುಲೈ ತಿಂಗಳಲ್ಲಿ ತೆರೆದಿಟ್ಟರೆ ಮರುದಿನ ಬೆಳಿಗ್ಗೆಗೆ ತುಕ್ಕಿನ ಪದರ ಕಾಣಿಸಿಕೊಳ್ಳುತ್ತದೆ. ಹೋನಿಂಗ್ ಆದ ಕೂಡಲೇ ಬಿಸಿನೀರು ಮತ್ತು ಸೋಪಿನಿಂದ ಉಜ್ಜಿ, ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಒರೆಸಿ, ತಕ್ಷಣ ಆಯಿಲ್ ಸವರಿ ಮುಚ್ಚಿಡಬೇಕು. ಸೀಮೆಎಣ್ಣೆ ಅಥವಾ ಡೀಸೆಲಿನಿಂದ ಮಾತ್ರ ತೊಳೆದರೆ ಹೋನಿಂಗ್ ಕಲ್ಲಿನ ಹುಡಿ ಗೀರುಗಳಲ್ಲೇ ಉಳಿದು ಹೊಸ ರಿಂಗನ್ನು ತಿನ್ನುತ್ತದೆ.

ಜೋಡಿಸಿದ ಎಂಜಿನನ್ನು ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ಬಿಟ್ಟು ‘ರನ್ನಿಂಗ್’ ಮಾಡಿಸುವುದೂ ತಪ್ಪು ಅಭ್ಯಾಸ. ಮೊದಲು ಸ್ಟಾಪ್ ಎಳೆದುಕೊಂಡೇ ಸೆಲ್ಫ್ ತಿರುಗಿಸಿ ಆಯಿಲ್ ಒತ್ತಡ ಗೇಜಿನಲ್ಲಿ ಏರಿದ್ದನ್ನು ನೋಡಿ, ನಂತರ ಸ್ಟಾರ್ಟ್ ಮಾಡಿ, ಸೋರಿಕೆ ಪರೀಕ್ಷಿಸಿ, ಹೆಚ್ಚು ತಡಮಾಡದೆ ಮಧ್ಯಮ ಭಾರದಲ್ಲಿ ರಸ್ತೆಗಿಳಿಸಬೇಕು. ಉರಿಯುವ ಅನಿಲದ ಒತ್ತಡವೇ ರಿಂಗನ್ನು ಸ್ಲೀವಿಗೆ ಒತ್ತಿ ಕೂರಿಸುತ್ತದೆ. ಭಾರವಿಲ್ಲದೆ ಓಡಿದ ಎಂಜಿನಿನ ಸ್ಲೀವ್ ಗಾಜಿನಂತೆ ನುಣುಪಾಗಿ, ರಿಂಗ್ ಕೂರದೆ, ಹೊಸ ಎಂಜಿನೇ ಆಯಿಲ್ ಕುಡಿಯುತ್ತದೆ.

ಇಷ್ಟೆಲ್ಲ ಏಕೆ, ಹಳೆಯ ಲಾರಿಯನ್ನು ಗುಜರಿಗೆ ಹಾಕಬಾರದೇ ಎಂದು ಕೇಳುವವರಿದ್ದಾರೆ. ಎಂಟು ವರ್ಷ ದಾಟಿದ ಲಾರಿ ಪ್ರತಿವರ್ಷ ರಸ್ತೆಗೆ ಯೋಗ್ಯವೇ ಎಂಬ ಪರೀಕ್ಷೆಯಾದ ಎಫ್‌ಸಿಗೆ ಹೋಗಬೇಕೆಂಬ ನಿಯಮ ಸರಿಯಾದದ್ದೇ. ಅದರಲ್ಲಿ ಪಾಸಾಗದ ಲಾರಿ ರಸ್ತೆಯಲ್ಲಿ ಇರಬಾರದು. ಆದರೆ ಚಾಸಿ, ಬ್ರೇಕ್, ಬಾಡಿ ಗಟ್ಟಿಯಾಗಿದ್ದು ಎಂಜಿನ್ ಮಾತ್ರ ಸೋತಿರುವ ಒಂದು ಲಾರಿಯ ಮಾಲೀಕ, ಸಾಲ ತೀರಿಸಿಕೊಂಡು ಈಗಷ್ಟೇ ಎರಡು ಕಾಸು ನೋಡುತ್ತಿರುವವನು, ಹೊಸ ಲಾರಿಯ ಕಂತಿಗೆ ಮತ್ತೆ ಕೊರಳೊಡ್ಡಲಾರ. ಸರಿಯಾಗಿ ಕಟ್ಟಿದ ಎಂಜಿನ್ ಹೊಗೆಯನ್ನೂ ಕಡಿಮೆ ಮಾಡುತ್ತದೆ.

ಮಾಲೀಕರಲ್ಲಿ ನನ್ನ ವಿನಂತಿ ಇಷ್ಟು. ‘ಬೋರ್ ಹೋಗಿದೆ’ ಎಂದವರನ್ನು ‘ಯಾಕೆ ಹೋಯಿತು?’ ಎಂದು ಕೇಳಿರಿ, ಉತ್ತರ ಸಿಗುವವರೆಗೆ ಹೆಡ್ ಇಳಿಸಲು ಒಪ್ಪಬೇಡಿರಿ. ಕೂಲಿ ಕೊಡುವಾಗ ಬಿಲ್ಲಿನ ಜೊತೆ ಅಳತೆಯ ಚೀಟಿಯನ್ನೂ ಕೇಳಿ ಪಡೆಯಿರಿ: ಪ್ರತಿ ಸಿಲಿಂಡರಿನ ಬೋರ್, ಜರ್ನಲ್‌ಗಳ ಅಳತೆ, ಬೇರಿಂಗಿನ ಸಂದು, ರಿಂಗಿನ ಬಾಯಿಸಂದು, ಹೆಡ್ ಬೋಲ್ಟಿಗೆ ಕೊಟ್ಟ ಟಾರ್ಕ್ (ಬಿಗಿತದ ಅಳತೆ), ಮತ್ತು ಎಲ್ಲಕ್ಕಿಂತ ಮೊದಲ ಸಾಲಿನಲ್ಲಿ ಎಂಜಿನ್ ಕೆಟ್ಟ ಕಾರಣ. ಸವೆದ ಹಳೆಯ ಬಿಡಿಭಾಗಗಳನ್ನು ಮನೆಗೆ ತನ್ನಿರಿ. ಗುಜರಿಗೆ ಹಾಕುವ ಮೊದಲು ಇನ್ನೊಬ್ಬ ಮೇಸ್ತ್ರಿಗೆ ತೋರಿಸಿರಿ. ಸಹೋದ್ಯೋಗಿಗಳು ಈ ಚೀಟಿಯನ್ನು ತಮ್ಮ ಮೇಲಿನ ಅಪನಂಬಿಕೆ ಎಂದು ತಿಳಿಯಬಾರದು. ನಾಲ್ಕು ವರ್ಷ ಬಿಟ್ಟು ಅದೇ ಎಂಜಿನ್ ಮರಳಿ ಬಂದಾಗ ಎಲ್ಲಿ ಎಷ್ಟು ಸವೆದಿದೆ ಎಂದು ಹೋಲಿಸಲು ನಮಗೇ ಬೇಕಾಗುವ ದಾಖಲೆ ಅದು.

ಕೊನೆಯದಾಗಿ ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಒಂದು ಕೋರಿಕೆ. ಹೆದ್ದಾರಿ ಬದಿಯ ಸಣ್ಣ ಗ್ಯಾರೇಜಿಗೆ ನಾಝಲ್ ಟೆಸ್ಟರ್, ಬೋರ್ ಗೇಜ್, ಹೆಡ್ ಪರೀಕ್ಷಿಸುವ ಟ್ಯಾಂಕ್ ಎಲ್ಲವನ್ನೂ ಕೊಳ್ಳುವ ಶಕ್ತಿ ಇರುವುದಿಲ್ಲ. ಮೆಕ್ಯಾನಿಕ್ ಡೀಸೆಲ್ ತರಗತಿ ಇರುವ ಸಂಸ್ಥೆಗಳು ಲಾರಿಗಳು ನಿಂತಿರುವ ಜೂನ್, ಜುಲೈ ತಿಂಗಳುಗಳಲ್ಲಿ ವಾರಕ್ಕೊಂದು ದಿನ ತಮ್ಮ ಪ್ರಯೋಗಶಾಲೆಯನ್ನು ತೆರೆದು, ಸಾಧಾರಣ ಶುಲ್ಕಕ್ಕೆ ಸ್ಥಳೀಯ ಗ್ಯಾರೇಜುಗಳ ಬ್ಲಾಕ್, ಕ್ರ್ಯಾಂಕ್, ಹೆಡ್ಡುಗಳನ್ನು ವಿದ್ಯಾರ್ಥಿಗಳಿಂದಲೇ ಅಳೆಸಿ ಚೀಟಿ ಕೊಡುವ ವ್ಯವಸ್ಥೆ ಮಾಡಬಹುದು. ಪಾಠಕ್ಕೆಂದು ಬಿಚ್ಚಿ ಬಿಚ್ಚಿ ಸವೆದ ಮಾದರಿ ಎಂಜಿನ್‌ಗಳ ಬದಲು ನಿಜವಾಗಿ ಕೆಟ್ಟ ಎಂಜಿನ್‌ಗಳು ವಿದ್ಯಾರ್ಥಿಗಳ ಕೈಗೆ ಸಿಗುತ್ತವೆ. ಮುಂದಿನ ಮಳೆಗಾಲಕ್ಕೆ ಒಂದು ಸಂಸ್ಥೆ ಮುಂದೆ ಬಂದರೂ, ಮೇಸ್ತ್ರಿಗಳ ಕಡೆಯಿಂದ ಆಗಬೇಕಾದ ಸಹಾಯಕ್ಕೆ ನಾನೂ ನನ್ನಂಥ ಕೆಲವು ಹಿರಿಯರೂ ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಡೀಸೆಲ್ ಮೇಸ್ತ್ರಿ,
ಬೈಕಂಪಾಡಿ, ಮಂಗಳೂರು